ಪ್ಲೇಟಿನಲ್ಲಿ ಉಳಿದ ಭೇಷ್

ಶಿಕಾಗೋದ ದಕ್ಷಿಣ ಭಾಗದಲ್ಲಿ ತೆಗೆದ, ಅಲ್ಲಿನ ಕರಿಯರ ಬ್ಲೂಸ್ ಸಂಗೀತದ ಒಂದು ಹಳೆಯ ಗ್ರಾಮಫೋನ್ ಪ್ಲೇಟಿನಲ್ಲಿ, ಎರಡನೆಯ ಮಗ್ಗುಲಿನ ನಿಧಾನದ ಹಾಡಿನ ನಡುವೆ, ಒಬ್ಬ ಹೆಂಗಸು 'ಭೇಷ್' ಎನ್ನುವುದು ಕೇಳಿಸುತ್ತದೆ. ಆ ಹೆಂಗಸು ನಾನು. ಹಳೆಯ ಪ್ಲೇಟು ಕೂಡಿಡುವವರಲ್ಲಿ ಕೆಲವರು ಅದನ್ನು ದೋಷ ಎನ್ನುತ್ತಾರಂತೆ. ಎನ್ನಲಿ. ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ನಮ್ಮ ತಂದೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿ ಎಲ್ಲಿ ಕಛೇರಿಯಾದರೂ ಅವರು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಒಳ್ಳೆಯ ಜಾಗ ಬಂತೆಂದರೆ ತೊಡೆ ತಟ್ಟಿ ಗಟ್ಟಿಯಾಗಿ ಭೇಷ್ ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೇಳುವುದು ಊಟ ಮಾಡಿ ಅಡುಗೆಯವರಿಗೆ ಬೆನ್ನು ತಿರುಗಿಸಿ ಎದ್ದು ಹೋದಂತೆ ಎಂದು ಅವರ ವಾದ. ಮನೆಯ ರೇಡಿಯೋಗೂ ಭೇಷ್ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿದ್ದೆ.

"ರೇಡಿಯೋದೊಳಗಿರೋರಿಗೆ ಕೇಳ್ಸತ್ತೇನಪ್ಪ?"

"ಕೇಳ್ಸತ್ತೋ ಬಿಡತ್ತೋ. ಅವ್ರ ಕೆಲಸ ಅವ್ರು ಮಾಡಿದ್ರು, ನನ್ನ ಕೆಲಸ ನಾನು ಮಾಡ್ದೆ."

ಇಂಥ ಮನೆಯಿಂದ ಹೋಗಿ ನಾನು ಮದುವೆಯಾದದ್ದು ಬಾಯಿಯಲ್ಲಿ ಹೊಗಳಿಕೆಯೇ ಇಲ್ಲದ ಮನುಷ್ಯನನ್ನು. ನಮ್ಮ ಯಜಮಾನರ ಮೆಚ್ಚುಗೆ ಅಧಿಕ ಮಾಸದ ಹಾಗೆ, ಬಂದರೆ ಬಂತು, ಅದೂ ಲೆಕ್ಕ ಹಾಕಿಕೊಂಡು. ಹುಳಿ ಚೆನ್ನಾಗಿದ್ದರೆ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು, ಅಷ್ಟೇ. ನನ್ನ ವೀಣೆಯ ಬಗ್ಗೆ ಮದುವೆಯಾದ ಮೇಲೆ ಅವರು ಆಡಿದ ಒಂದೇ ಮಾತು, "ಇದು ತುಂಬ ಜಾಗ ತಗೊಳತ್ತೆ." ಆದರೆ ಅವರು ಮೂಳೆ ಡಾಕ್ಟರು, ಆ ಕೆಲಸದಲ್ಲಿ ಎತ್ತಿದ ಕೈ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅವರು ಶಿಕಾಗೋದ ಒಂದು ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತರಬೇತಿಯ ರೆಸಿಡೆಂಟ್ ಡಾಕ್ಟರಾಗಿದ್ದರು. ಆಸ್ಪತ್ರೆಯವರೇ ಕೊಟ್ಟ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಂಸಾರ. ಡೆವನ್ ಅವೆನ್ಯೂನಲ್ಲಿ ಇನ್ನೂ ನಮ್ಮ ಅಂಗಡಿಗಳು ತಲೆ ಎತ್ತಿರಲಿಲ್ಲ. ಹುಣಸೆಹಣ್ಣಿಗೆ ಊರಿಂದ ಬರುವವರ ದಾರಿ ಕಾಯಬೇಕಿತ್ತು. ನನ್ನ ವೀಣೆ ಎರಡು ಹತ್ತಿಯ ಹಾಸಿಗೆಯ ನಡುವೆ ಮಲಗಿ ಹಡಗಿನಲ್ಲಿ ಬಂದಿತ್ತು. ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕ ಇಟ್ಟರೆ ತಂತಿಯಡಿಯ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಮೆತ್ತಗಾಗಿ ಸ್ವರ ಜಾರುತ್ತಿತ್ತು, ಕಿಟಕಿಯ ಪಕ್ಕ ಇಟ್ಟರೆ ಚಳಿಗೆ ಮರ ಬಿರಿಯುವ ಭಯ. ಹಾಗಾಗಿ ಅದನ್ನು ಕೋಣೆಯ ನಟ್ಟನಡುವೆ ಇಟ್ಟಿದ್ದೆ. ಬಂದವರೆಲ್ಲ ಅದನ್ನು ಸುತ್ತಿಕೊಂಡು ಹೋಗಿ ಕೂರುತ್ತಿದ್ದರು.

ಒಂದು ಸಂಜೆ ಯಜಮಾನರು ಕೋಟು ಕೂಡ ಬಿಚ್ಚದೆ ಬಂದು ವೀಣೆಯ ಮುಂದೆ ನಿಂತರು.

"ಎಡಗೈ ಉಂಗುರದ ಬೆರಳಲ್ಲಿ ತಂತಿ ಎಳೀತಾರೇನೇ?"

"ವೀಣೇಲಿ ಇಲ್ಲ. ತೋರುಬೆರಳು, ನಡುಬೆರಳು ಅಷ್ಟೇ. ಯಾಕೆ?"

"ಗಿಟಾರಲ್ಲಿ ಎಳೀತಾರಂತೆ. ನೀನು ಎಳೆದು ತೋರ್ಸು."

ಆಮೇಲೆ ಹೇಳಿದರು. ಆಸ್ಪತ್ರೆಗೆ ಒಬ್ಬ ಬ್ಲೂಸ್ ಗಿಟಾರಿನವನು ಬಂದಿದ್ದ. ಮೂವತ್ತರ ಆಸುಪಾಸಿನ ಕರಿಯ, ಹಗಲು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ವಾರದ ಕೊನೆಗೆ ಸಂಗೀತ. ಮಂಜು ಕಟ್ಟಿದ ರಸ್ತೆಯಲ್ಲಿ ಕಾರಿನ ಡಿಕ್ಕಿಯಿಂದ ಆಂಪ್ಲಿಫೈಯರ್ ಇಳಿಸುವಾಗ ಮುಚ್ಚಳ ಬಿದ್ದು ಬೆರಳು ಮುರಿದಿತ್ತು. ಅಷ್ಟು ವರ್ಷ ಬೇರೆಯವರ ಹಾಡಿಗೆ ಹಿಂದೆ ನಿಂತು ನುಡಿಸಿದವನಿಗೆ ಆಗಷ್ಟೇ ಒಂದು ಚಿಕ್ಕ ಕಂಪನಿ ಅವನದೇ ಪ್ಲೇಟು ತೆಗೆಯಲು ಒಪ್ಪಿತ್ತು. "ಬೇರೆ ಯಾವ ಬೆರಳಾದ್ರೂ ತಗೊಳ್ಳಿ ಡಾಕ್ಟರ್, ಇದೊಂದು ಬಿಟ್ಬಿಡಿ" ಎಂದನಂತೆ.

ಬೆರಳು ಮುರಿದರೆ ನೆಟ್ಟಗೆ ಪಟ್ಟಿಗೆ ಬಿಗಿದು ಕಟ್ಟುವುದು ಅಲ್ಲಿನ ಹಿರಿಯ ಡಾಕ್ಟರುಗಳ ರೂಢಿ. ಕೂಡಿಕೊಂಡರೂ ಗೆಣ್ಣು ಬಿಗಿದು ನಿಂತರೆ ಇವನ ಗತಿ ಏನು ಎನ್ನುವುದು ಯಜಮಾನರ ಚಿಂತೆ. ನಾನು ವೀಣೆಯ ಮುಂದೆ ಕೂತು, ಒಂದು ಮೆಟ್ಟಿಲಿನ ಮೇಲೆ ಉಂಗುರದ ಬೆರಳಿನಿಂದಲೇ ತಂತಿಯನ್ನು ಪಕ್ಕಕ್ಕೆ ಎಳೆದು ಅದೇ ಜಾಗದಲ್ಲಿ ಮೇಲಿನ ಸ್ವರ ಬರಿಸಿದೆ. ಅವರು ಮಂಡಿಯೂರಿ, ಮೂಗು ತಂತಿಗೆ ತಾಗುವಷ್ಟು ಬಗ್ಗಿ, ಕೋನ ಅಳೆಯುವ ಸಾಧನವನ್ನು ನನ್ನ ಬೆರಳಿಗೆ ಹಿಡಿದರು. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಅಡುಗೆ ಸೀದುಹೋಗುವವರೆಗೂ ಎಳೆಸಿದರು. ಮದುವೆಯಾದ ಮೇಲೆ ಅಷ್ಟು ಹೊತ್ತು ಅವರು ನನ್ನ ವೀಣೆಯ ಮುಂದೆ ಕೂತದ್ದು ಅದೇ ಮೊದಲು.

"ಹೇಗಿತ್ತು ನುಡಿಸಿದ್ದು?" ಎಂದು ಕೇಳಿದೆ.

"ಗೆಣ್ಣು ಚೆನ್ನಾಗಿ ಕಾಣಿಸ್ತು" ಎಂದರು.

ಮರುದಿನ ಅವರು ಹಿರಿಯರ ಜೊತೆ ವಾದ ಮಾಡಿ ಆ ಬೆರಳನ್ನು ಬಾಗಿಸಿಯೇ ಕಟ್ಟಿದರು. ವಾರಗಳು ಕಳೆದು ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಗೆಣ್ಣು ಬಾಗುತ್ತಿತ್ತು. ಆದರೆ ಪ್ಲೇಟು ತೆಗೆಯುವ ದಿನ ತೀರ ಹತ್ತಿರ ಬಂದಿತ್ತು. ಯಜಮಾನರು ಒಂದು ಷರತ್ತು ಹಾಕಿದರು. ಸಾಧಾರಣವಾಗಿ ನುಡಿಸಬಹುದು, ಆದರೆ ತಂತಿಯ ಉದ್ದನೆಯ ಎಳೆತ ಆ ದಿನ ಒಂದು ಹಾಡಿಗೆ ಮಾತ್ರ, ಅದೂ ಒಂದೇ ಸಲ. ಅದಕ್ಕೆ ಮುಂಚೆ ಅಭ್ಯಾಸಕ್ಕೂ ಎಳೆಯಕೂಡದು. ಗೆಣ್ಣು ಊದಿದರೆ ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವನು ಒಪ್ಪಿ, ಹಾಗಾದರೆ ನೀವೇ ಬಂದು ನೋಡಿ ಎಂದು ಕರೆದ. ಯಜಮಾನರು ಬೆರಳು ನೋಡಲು ಹೊರಟರು. ನಾನು ಸಂಗೀತ ಕೇಳಲು ಹೊರಟೆ.

ಶನಿವಾರದ ಮಧ್ಯಾಹ್ನ. ಟಿವಿ ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆಲ್ಲ ಹಳೆಯ ರತ್ನಗಂಬಳಿ ಹೊಡೆದಿದ್ದರು. ಹೀಟರಿನ ಸದ್ದು ಟೇಪಿಗೆ ಬರುತ್ತದೆಂದು ಅದನ್ನು ಆರಿಸಿದ್ದರಿಂದ ನಾನು ಸೀರೆಯ ಮೇಲೆ ಓವರ್‌ಕೋಟು, ತಲೆಗೆ ಮಫ್ಲರ್ ಸುತ್ತಿಕೊಂಡು ಮೂಲೆಯ ಸ್ಟೂಲಿನಲ್ಲಿ ಕೂತೆ. ಅಂಗಡಿಯ ಮಾಲೀಕನೇ ಪ್ಲೇಟಿನ ಕಂಪನಿಯ ಮಾಲೀಕನೂ ಹೌದು, ಟೇಪು ಓಡಿಸುವವನೂ ಹೌದು. ಸಿಡುಕ. ನನ್ನನ್ನು ನೋಡಿ ಹೇಳಿದ, "ಮೇಡಂ, ಕೆಂಪು ದೀಪ ಹತ್ತಿದ ಮೇಲೆ ಉಸಿರಾಡೋದೂ ಬೇಡ." ಎಲ್ಲ ವಾದ್ಯಕ್ಕೂ ಸೇರಿ ಒಂದೇ ಟೇಪು, ಒಂದೇ ಸಲಕ್ಕೆ, ಆಮೇಲೆ ಇದನ್ನು ತೆಗೆದು ಅದನ್ನು ಸೇರಿಸುವ ಅನುಕೂಲ ಅವನಿಗಿರಲಿಲ್ಲ. ಭಾನುವಾರ ಆ ಟೇಪನ್ನು ಪ್ಲೇಟು ಒತ್ತುವ ಕಾರ್ಖಾನೆಗೆ ಸಾಗಿಸಬೇಕಿತ್ತು. ಇವನದು ತಪ್ಪಿದರೆ ಆ ಜಾಗಕ್ಕೆ ಇನ್ನೊಬ್ಬ ಹಾಡುಗಾರ ಕಾದಿದ್ದಾನೆ ಎಂದು ಎಲ್ಲರೆದುರಿಗೇ ಹೇಳಿದ.

ಮೊದಲನೆಯ ಮಗ್ಗುಲಿನ ಹಾಡು ಚುರುಕಿನದು, ಬೆರಳಿಗೆ ಕಷ್ಟವಿಲ್ಲದ್ದು. ಡ್ರಮ್ಮಿನವನೂ ಬಾಸ್ ಗಿಟಾರಿನವನೂ ಸೇರಿ ಅದನ್ನು ಸಲೀಸಾಗಿ ಮುಗಿಸಿದರು. ಚೆನ್ನಾಗಿತ್ತು, ಆದರೆ ನಾನು ಮೈಸೂರಿನವಳು, ಚೆನ್ನಾಗಿದ್ದ ಮಾತ್ರಕ್ಕೆ ಬಾಯಿ ಬಿಡುವವಳಲ್ಲ. ಎರಡನೆಯದು ನಿಧಾನದ ಹಾಡು. ಅದರ ನಡುವೆ ಹಾಡುವುದನ್ನು ನಿಲ್ಲಿಸಿ ಗಿಟಾರೊಂದೇ ಮಾತಾಡುವ ಜಾಗವಿತ್ತು. ಅಲ್ಲೇ ಆ ಎಳೆತ.

ದೀಪ ಹತ್ತಿತು. ಅವನು ಹಾಡಿದ. ಗಿಟಾರಿನ ಜಾಗ ಬಂದಾಗ ತಂತಿಯ ಮೇಲೆ ಹುಷಾರಾಗಿ, ನೀರಿನ ಆಳ ನೋಡುತ್ತ ಇಳಿಯುವವನ ಹಾಗೆ ಓಡಾಡಿದ. ಯಜಮಾನರು ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಆ ಬೆರಳು ತಂತಿಯ ಮೇಲೆ ಕೂತಿತು, ಗೆಣ್ಣು ಬಾಗಿತು, ತಂತಿ ಪಕ್ಕಕ್ಕೆ ಸರಿಯಿತು. ಸ್ವರ ಏರತೊಡಗಿತು. ಏರುತ್ತ ಏರುತ್ತ ಗಾಂಧಾರದ ಹತ್ತಿರ ಬಂದು ನಿಂತಿತು. ನಾನು ಕಲಿತ ಯಾವ ಗಾಂಧಾರವೂ ಅದಲ್ಲ, ಪಿಯಾನೋದ ಪಟ್ಟಿಯಲ್ಲೂ ಅದಕ್ಕೆ ಮನೆಯಿಲ್ಲ. ಎರಡರ ನಡುವೆ ತನ್ನದೇ ಜಾಗ ಹಿಡಿದು, ಅಲುಗಿ, ಅಲ್ಲೇ ಗಟ್ಟಿಯಾಗಿ ನಿಂತುಕೊಂಡಿತು.

"ಭೇಷ್" ಎಂದೆ.

ಪಿಸುಮಾತಿನಲ್ಲಲ್ಲ. ನಮ್ಮಪ್ಪ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ, ತೊಡೆ ತಟ್ಟಿ. ಮಾಲೀಕ ತಲೆ ಮೇಲೆ ಕೈಯಿಟ್ಟುಕೊಂಡ. ಗಿಟಾರಿನವನು ಮಾತ್ರ ನಿಲ್ಲಿಸಲಿಲ್ಲ, ಹಾಡನ್ನು ಕೊನೆಮುಟ್ಟಿಸಿಯೇ ಕೈ ಇಳಿಸಿದ. ದೀಪ ಆರಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಎಲ್ಲಿಗೂ ಹೋಗಿರಲಿಲ್ಲ, ಟೇಪಿನಲ್ಲಿ ಭದ್ರವಾಗಿ ಕೂತಿತ್ತು. ಮಾಲೀಕ ಕೆಂಡವಾದ. ಅಳಿಸಿ ಮತ್ತೆ ತೆಗೆಯೋಣ, ಈ ಹೆಂಗಸನ್ನು ಹೊರಗೆ ಕೂರಿಸಿ ಎಂದ. ಅಷ್ಟರಲ್ಲಿ ಯಜಮಾನರು ಗಿಟಾರಿನವನ ಕೈ ಹಿಡಿದು ನೋಡುತ್ತಿದ್ದರು. ಗೆಣ್ಣು ಕೆಂಪಾಗಿ ಊದಿತ್ತು.

"ಇವತ್ತು ಇನ್ನು ಎಳೆಯೋ ಹಾಗಿಲ್ಲ" ಎಂದರು. ಅವರು ದನಿ ಏರಿಸುವವರಲ್ಲ. ಆದರೆ ಆ ದನಿಯ ಮೇಲೆ ಇನ್ನೊಂದು ಮಾತಿಲ್ಲವೆಂದು ನನಗೆ ಗೊತ್ತಿತ್ತು.

ವರ್ಷಗಟ್ಟಲೆ ಕಾದವನ ಪ್ಲೇಟು, ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ನಿಂತುಬಿಟ್ಟಿತು. ಮಾಲೀಕ ಟೇಪಿನ ಮೇಲೆ ಕೈಯಿಟ್ಟು, ಹಾಗಾದರೆ ಎರಡನೆಯ ಮಗ್ಗುಲು ಇಲ್ಲ, ಪ್ಲೇಟೂ ಇಲ್ಲ, ಆ ಇನ್ನೊಬ್ಬನನ್ನೇ ಕರೆಯುತ್ತೇನೆ ಎಂದ. ಗಿಟಾರಿನವನು ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದ. ಅದನ್ನು ನೋಡಿ ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ. ನನ್ನ ಇಂಗ್ಲಿಷು ಆಗ ಕಾಲೇಜಿನ ಪುಸ್ತಕದ್ದು. ಸಿಟ್ಟು ಬಂದರೆ ಮಾತ್ರ ತಡವರಿಸದೆ ಬರುತ್ತಿತ್ತು.

"ನಾನು ಕೆಮ್ಮಲಿಲ್ಲ, ಸೀನಲಿಲ್ಲ" ಎಂದೆ. "ಅವರು ನುಡಿಸಿದ್ದಕ್ಕೆ ಸಲ್ಲಬೇಕಾದ್ದನ್ನ ಸಲ್ಲಿಸ್ದೆ. ನಮ್ಮೂರಲ್ಲಿ ಇಂಥ ಜಾಗದಲ್ಲಿ ಯಾರೂ ಬಾಯಿ ಬಿಡದೆ ಹೋದ್ರೆ ವಿದ್ವಾಂಸರು ವಾದ್ಯ ಕೆಳಗಿಡ್ತಾರೆ."

"ಇದು ನಿಮ್ಮೂರಲ್ಲ ಮೇಡಂ."

"ಅದು ಗೊತ್ತಾಗ್ತಿದೆ" ಎಂದೆ.

ಡ್ರಮ್ಮಿನವನು ನಕ್ಕುಬಿಟ್ಟ. ಗಿಟಾರಿನವನು ಆಗ ತಲೆ ಎತ್ತಿ, ಅಳಿಸುವ ಮುಂಚೆ ಒಂದು ಸಲ ಕೇಳಿಸು ಎಂದ. ಮಾಲೀಕ ಗೊಣಗುತ್ತ ಟೇಪು ಹಿಂದಕ್ಕೆ ಓಡಿಸಿ ಹಾಕಿದ. ಎಲ್ಲರೂ ನಿಂತೇ ಕೇಳಿದೆವು. ನನ್ನ ದನಿ ಬಂದಾಗ ಬಾಸ್ ಗಿಟಾರಿನವನು ನನ್ನ ಕಡೆ ನೋಡಿದ, ನಾನು ಅವನನ್ನೇ ನೋಡಿದೆ. ಮುಗಿದ ಮೇಲೆ ಗಿಟಾರಿನವನು, ಗಿಟಾರಿನ ಜಾಗದಿಂದ ಇನ್ನೊಂದು ಸಲ ಎಂದ. ಈ ಸಲ ಕಣ್ಣು ಮುಚ್ಚಿ ಕೇಳಿದ.

"ಆ ಮಾತಿಗೆ ಮುಂಚೆ ಹೆಂಗಿದೆ ಕೇಳು" ಎಂದ ಮಾಲೀಕನಿಗೆ. "ಬೆರಳು ಮುರಿದೋನು ನುಡಿಸ್ತಿದ್ದಾನೆ. ಎಲ್ಲಿ ನೋವಾಗತ್ತೋ ಅಂತ ತಡಕಾಡ್ತಿದ್ದಾನೆ. ಈಗ ಆ ಮಾತು ಆದ್ಮೇಲಿಂದು ಕೇಳು."

ಮಾಲೀಕ ಕೇಳಿದ. ನಾನೂ ಆಗಲೇ ಸರಿಯಾಗಿ ಕೇಳಿದ್ದು. ಭೇಷ್ ಎನ್ನುವವರೆಗೂ ಅಳೆದು ಸುರಿದು ನುಡಿಸುತ್ತಿದ್ದವನು, ಅದಾದ ಮೇಲೆ ಬೆರಳನ್ನು ಮರೆತೇಬಿಟ್ಟಿದ್ದ. ಅಲ್ಲಿಂದ ಕೊನೆಯವರೆಗೂ ಗಿಟಾರು ಹಿಂದೆ ನೋಡಿರಲಿಲ್ಲ.

"ಅದನ್ನ ತೆಗೆದ್ರೆ ಅಲ್ಲಿಂದ ಮುಂದೆ ನನ್ನ ಗಿಟಾರು ಯಾಕೆ ಹಾಗೆ ಎದ್ದು ನಿಂತ್ಕೊಳ್ತು ಅಂತ ಕೇಳೋರಿಗೆ ಗೊತ್ತಾಗಲ್ಲ" ಎಂದ ಗಿಟಾರಿನವನು. "ಹಾಗೇ ಹಾಕು. ಇಲ್ಲದಿದ್ರೆ ಬೇಡ, ನಿನ್ನ ಇನ್ನೊಬ್ಬನನ್ನೇ ಕರ್ಕೋ."

ಮಾಲೀಕ ಯಂತ್ರ ಆರಿಸಿದ. ಟೇಪನ್ನು ಸುತ್ತಿ ಡಬ್ಬಿಗೆ ಹಾಕುತ್ತ, ಮಾರಾಟವಾಗದಿದ್ದರೆ ನನ್ನನ್ನು ಕೇಳಬೇಡ ಎಂದ. ನಾನು ಅಷ್ಟಕ್ಕೇ ತೃಪ್ತಳಾದೆ. ಮನೆಗೆ ಬರುವ ದಾರಿಯಲ್ಲಿ ಯಜಮಾನರು ನನ್ನನ್ನು ಬಯ್ಯಲಿಲ್ಲ, ಸರಿ ಮಾಡಿದೆ ಎಂದೂ ಹೇಳಲಿಲ್ಲ. ಗೆಣ್ಣಿಗೆ ಐಸ್ ಇಡುವ ವಿಷಯ ಮಾತ್ರ ಮಾತಾಡಿದರು.

ಪ್ಲೇಟು ಬಂತು. ಗಿಟಾರಿನವನು ಒಂದನ್ನು ಆಸ್ಪತ್ರೆಗೇ ತಂದುಕೊಟ್ಟ. ನಾನು ಅದನ್ನು ಒಂದು ಯುಗಾದಿಯ ಊಟಕ್ಕೆ ಸೇರಿದ್ದ ಕನ್ನಡದವರಿಗೆ ಕೇಳಿಸಿದೆ. ಹೋಳಿಗೆಯ ಮುಂದೆ ಇದೆಂಥ ಹೆಂಡದಂಗಡಿ ಹಾಡು ಎಂದು ಮೂಗು ಮುರಿದವರೇ ಹೆಚ್ಚು. ಒಬ್ಬ ಹಿರಿಯರು ಪೂರ್ತಿ ಕೇಳಿ, "ಹುಡುಗ ಸ್ವರಕ್ಕೆ ನಮ್ಮನ್ನ ಕಾಯಿಸ್ತಾನೆ ಕಣಮ್ಮ" ಎಂದರು. ಉಳಿದವರನ್ನು ಅವರೊಬ್ಬರಿಗಾಗಿ ಕ್ಷಮಿಸಿದೆ.

ಎಪ್ಪತ್ತರ ದಶಕದ ನಡುವೆ ಯಜಮಾನರಿಗೆ ಡೆಟ್ರಾಯಿಟ್ ಕಡೆ ಕೆಲಸ ಸಿಕ್ಕಿತು. ವೆಸ್ಟ್ ಬ್ಲೂಮ್‌ಫೀಲ್ಡಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿದೆವು. ಅಷ್ಟು ಹೊತ್ತಿಗೆ ಒಬ್ಬ ಮಗಳು, ಒಬ್ಬ ಮಗ. ಇಬ್ಬರಿಗೂ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಪ್ಲೇಟು ಹಾಕಿದಾಗಲೆಲ್ಲ ಮಗಳು ಕಿವಿ ಮುಚ್ಚಿಕೊಂಡು, "ಅಮ್ಮಾ, ವೈ ಆರ್ ಯು ಶೌಟಿಂಗ್?" ಎನ್ನುತ್ತಿದ್ದಳು. ಗಿಟಾರಿನವನ ಸುದ್ದಿ ನಮಗಿರಲಿಲ್ಲ. ಆಮೇಲೆ ಅವನು ಏನು ಮಾಡಿದ, ಆ ಬೆರಳು ಉಳಿಯಿತೋ ಇಲ್ಲವೋ ಒಂದೂ ತಿಳಿಯದು. ನನಗೆ ಒಮ್ಮೊಮ್ಮೆ ಅಳುಕಾಗುತ್ತಿತ್ತು. ಯಜಮಾನರಿಗೂ ಆಗುತ್ತಿತ್ತೆಂದು ಕಾಣುತ್ತದೆ, ಪ್ಲೇಟು ಹಾಕಿದರೆ ಅವರು ಪೇಪರು ಓದುವುದನ್ನು ನಿಲ್ಲಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಯಜಮಾನರು ಆಸ್ಪತ್ರೆಯಿಂದ ಬರುವಾಗ ಲಾಂಡ್ರಿಯ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಗಿಟಾರಿನವನ ಮುಖ ನೋಡಿದರಂತೆ. ಭಾನುವಾರ ಮಧ್ಯಾಹ್ನ ಡೆಟ್ರಾಯಿಟಿನ ನದಿ ದಂಡೆಯ ಪಾರ್ಕಿನಲ್ಲಿ, ಟಿಕೆಟ್ಟಿಲ್ಲದ ಸಂಗೀತ. ಹೋಗೋಣವೇ ಎಂದು ಅವರೇ ಕೇಳಿದರು. ನಾನು ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದೆ.

ಪಾರ್ಕಿನ ತುಂಬ ಜನ. ಕಾರು ಕಾರ್ಖಾನೆಗಳಲ್ಲಿ ದುಡಿಯುವವರು, ಹೆಂಡತಿ ಮಕ್ಕಳ ಸಮೇತ, ಮಡಿಸುವ ಕುರ್ಚಿ ಹಾಕಿಕೊಂಡು, ಒಲೆ ಹೊತ್ತಿಸಿಕೊಂಡು. ಸೀರೆ ಉಟ್ಟವಳು ನಾನೊಬ್ಬಳೇ. ಒಂದು ಮರದ ನೆರಳಲ್ಲಿ ಚಾಪೆ ಹಾಸಿ ಕೂತೆವು. ಅವನು ವೇದಿಕೆಗೆ ಬಂದ. ಮೈ ಸ್ವಲ್ಪ ತುಂಬಿತ್ತು, ಸೂಟು ಹಾಕಿದ್ದ. ನಾವು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಯಜಮಾನರು ಕನ್ನಡಕ ಒರೆಸಿ ಹಾಕಿಕೊಂಡು ಕೈ ನೋಡಲು ಯತ್ನಿಸಿದರು, ಅಷ್ಟು ದೂರದಿಂದ ಏನೂ ಕಾಣಿಸಲಿಲ್ಲ.

ನಾಲ್ಕಾರು ಹಾಡಾದ ಮೇಲೆ ಆ ನಿಧಾನದ ಹಾಡು ಶುರುವಾಯಿತು. ಗಿಟಾರಿನ ಜಾಗ ಬಂತು. ಅದೇ ಹುಷಾರಿನ ಹೆಜ್ಜೆಗಳು, ಈಗ ಬೇಕೆಂದೇ ಇಟ್ಟವು. ನಮ್ಮ ಪಕ್ಕದಲ್ಲಿ ಒಲೆಯ ಮುಂದಿದ್ದ ದಪ್ಪನೆಯ ಮನುಷ್ಯ ಇಕ್ಕಳ ಕೆಳಗಿಟ್ಟು ನೆಟ್ಟಗೆ ನಿಂತ. ನನಗೆ ಯಾಕೆಂದು ತಿಳಿಯಲಿಲ್ಲ. ವೇದಿಕೆಯ ಮೇಲೆ ಗಿಟಾರಿನವನು ತಂತಿ ಎಳೆದ. ಸ್ವರ ಏರಿ ಏರಿ ತನ್ನ ಜಾಗ ಹಿಡಿದು ನಿಂತಿತು.

ಇಡೀ ಪಾರ್ಕು ಒಂದೇ ದನಿಯಲ್ಲಿ "ಭೇಷ್" ಎಂದಿತು.

ಮುದುಕರು, ಹೆಂಗಸರು, ತೊಡೆಯ ಮೇಲೆ ಕೂತ ಮಕ್ಕಳು, ಎಲ್ಲರೂ. ಒಲೆಯ ಮನುಷ್ಯ ತೊಡೆ ಕೂಡ ತಟ್ಟಿದ. ಊಟದಂಗಡಿಗಳಲ್ಲಿ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿನಲ್ಲಿ ಆ ಪ್ಲೇಟನ್ನು ಕೇಳಿ ಕೇಳಿ ಅವರಿಗೆ ಅದು ಹಾಡಿನದೇ ಒಂದು ಭಾಗವಾಗಿಹೋಗಿತ್ತು. ಅದು ಯಾವ ಭಾಷೆ, ಯಾರ ಬಾಯಿಯದು ಎಂದು ಯಾರಿಗೂ ಬೇಕಾಗಿರಲಿಲ್ಲ. ಹೇಳಬೇಕಾದ ಜಾಗ ಮಾತ್ರ ಒಬ್ಬರಿಗೂ ತಪ್ಪಲಿಲ್ಲ. ನಾನೊಬ್ಬಳೇ ಬಾಯಿ ತೆರೆಯಲಿಲ್ಲ. ನಮ್ಮಪ್ಪ ಇದ್ದು ಕೇಳಬೇಕಾಗಿತ್ತು ಎನ್ನಿಸಿ ಅಳು ಬಂತು, ಅತ್ತುಬಿಟ್ಟೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಈ ಸಲ ಅವಳು ಕಿವಿ ಮುಚ್ಚಿಕೊಂಡಿರಲಿಲ್ಲ.

ಮುಗಿದ ಮೇಲೆ ಜನ ವೇದಿಕೆಯ ಪಕ್ಕ ಸಾಲು ನಿಂತು ಅವನ ಕೈ ಕುಲುಕುತ್ತಿದ್ದರು. ನಾವೂ ನಿಂತೆವು. ನಮ್ಮ ಸರದಿ ಬಂದಾಗ ಅವನು ಸುಸ್ತಾಗಿದ್ದ, ಯಾರನ್ನೂ ನೋಡದೆ ಕೈ ಚಾಚಿದ. ಯಜಮಾನರು ಅದನ್ನು ಬಿಟ್ಟು ಅವನ ಎಡಗೈಯನ್ನು ಹಿಡಿದು, ಉಂಗುರದ ಬೆರಳಿನ ಗೆಣ್ಣನ್ನು ಮೆಲ್ಲಗೆ ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ನೋಡಿದರು. ಅವನು ಮುಖ ನೋಡುವ ಮುಂಚೆಯೇ "ಡಾಕ್ಟರ್" ಎಂದ. ಆಮೇಲೆ ನನ್ನನ್ನು ನೋಡಿದ. ತುಂಬ ಹೊತ್ತು ನಕ್ಕ.

"ಕೇಳಿಸ್ಕೊಂಡ್ರಾ?" ಎಂದ. "ಆ ಜಾಗದಲ್ಲಿ ಅವ್ರು ಹೇಳದೆ ಹೋದ್ರೆ ನನಗೀಗ ಮುಂದಕ್ಕೆ ಹೋಗೋಕೇ ಆಗಲ್ಲ."

ಹಿಂದೆ ಸಾಲು ಉದ್ದವಿತ್ತು. ಪುಳಿಯೋಗರೆಯ ಡಬ್ಬಿಯನ್ನು ಅವನ ಕೈಗೇ ಕೊಟ್ಟು ಬಂದೆವು.

ಇನ್ನೂ ಬಿಸಿಲಿತ್ತು. ಫ್ರೀವೇಯಲ್ಲಿ ಯಜಮಾನರು ಎಂದಿನಂತೆ ಬಲಗಡೆಯ ಲೇನಿನಲ್ಲಿ, ಐವತ್ತೈದು ಮೈಲಿ ಮೀರದೆ ಡ್ರೈವ್ ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗ ನಿದ್ದೆ ಹೋಗಿದ್ದ.

"ಮೂಳೆ ಚೆನ್ನಾಗಿ ಕೂತಿದೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಗೆಣ್ಣು ಪೂರ್ತಿ ಬಾಗತ್ತೆ."

ಸ್ಟೀರಿಂಗಿನ ಮೇಲಿದ್ದ ಅವರ ಕೈಗಳನ್ನು ನೋಡಿದೆ. ಅಂದು ನಾನು ಗಿಟಾರಿನವನಿಗೆ ಭೇಷ್ ಎಂದೆ, ಇಂದು ಅಷ್ಟೂ ಜನ ಅವನಿಗೆ ಭೇಷ್ ಎಂದರು. ಹಿರಿಯರ ಮಾತು ಮೀರಿ ಆ ಬೆರಳನ್ನು ಬಾಗಿಸಿ ಕಟ್ಟಿದವರು ಇಲ್ಲಿ ಮನೆಯ ಕಡೆ ತಿರುಗುವ ನಮ್ಮ ಎಕ್ಸಿಟ್ ಎಷ್ಟು ಮೈಲಿ ಎಂದು ಬೋರ್ಡು ನೋಡುತ್ತಿದ್ದರು. ಅವರನ್ನು ನಾನು ಅಷ್ಟು ಪ್ರೀತಿಯಿಂದ ಅದಕ್ಕೆ ಮುಂಚೆ ಎಂದೂ ನೋಡಿರಲಿಲ್ಲ.

"ರೀ" ಎಂದೆ.

"ಏನು?"

"ಭೇಷ್."

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮಗಳು, "ಡ್ಯಾಡ್, ಯು ಮಿಸ್ಡ್ ದಿ ಎಕ್ಸಿಟ್" ಎಂದಳು.

"ಮುಂದಿನದ್ರಲ್ಲಿ ತಿರುಗಿಸ್ತೀನಿ" ಎಂದರು. ಮುಂದಿನದನ್ನೂ ದಾಟಿಬಿಟ್ಟರು.